ಚುಟ್ಟಾ ತಂಬೂರಿಯ ಎರಡನೆಯ ರಿಪೇರಿ

ಹುಬ್ಬಳ್ಳಿಯಲ್ಲಿ ದಾವಲಸಾಬ ನದಾಫ ಎಂಬ ವಾದ್ಯ ರಿಪೇರಿಗಾರರಿದ್ದರು. ತಂಬೂರಿ ಇರಲಿ, ಸಿತಾರ ಇರಲಿ, ಗಾಳಿ ಸೋರುವ ಹಾರ್ಮೋನಿಯಂ ಇರಲಿ, ಅವರ ಅಂಗಡಿಗೆ ಅಳುತ್ತ ಹೋದದ್ದು ಹಾಡುತ್ತ ಬರುತ್ತದೆ ಎಂದು ಜನ ಹೇಳುತ್ತಿದ್ದರು. ಅವರಿಗೆ ಅರವತ್ತೆಂಟು ವರ್ಷ. ಕೈ ಇನ್ನೂ ನಡುಗುತ್ತಿರಲಿಲ್ಲ. ಅವರ ಜೊತೆ ಫಕೀರಪ್ಪ ಬಡಿಗೇರ ಎಂಬ ನಲವತ್ತರ ಗೃಹಸ್ಥ ಕೆಲಸ ಮಾಡುತ್ತಿದ್ದ. ಮೊದಲು ಮಂಚ, ಬಾಗಿಲು ಮಾಡುತ್ತಿದ್ದವನು. ವಾದ್ಯದ ಕೆಲಸ ಕಲಿಯಬೇಕೆಂಬ ಆಸೆಯಿಂದ ಆರು ವರ್ಷದ ಹಿಂದೆ ದಾವಲಸಾಬರ ಶಿಷ್ಯನಾಗಿ ಬಂದಿದ್ದ.

ಒಂದು ಸೋಮವಾರ ಬೆಳಿಗ್ಗೆ ಬೆನೆಡಿಕ್ಟಾ ಕುಟಿನ್ಹೊ ಎಂಬ ನಿವೃತ್ತ ಟೀಚರ್ ಅಂಗಡಿಗೆ ಬಂದರು. ಎಪ್ಪತ್ತೊಂದು ವರ್ಷದ ಹೆಂಗಸು. ಕೈಯಲ್ಲಿ ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ವಸ್ತು. ಬಿಚ್ಚಿದರೆ ಒಳಗೆ ಸಿಗಾರ್ ಪೆಟ್ಟಿಗೆ. ಅದರ ನಡುವೆ ಒಂದು ಸಾಗವಾನಿ ಕೋಲು ತೂರಿತ್ತು. ಕೋಲಿಗೆ ತಂತಿ ಬಿಗಿಯುವ ಮೂರು ಬಿರಟೆ, ತುಕ್ಕು ಹಿಡಿದ ಮೂರು ತಂತಿ. ಪೆಟ್ಟಿಗೆಯ ಹಲಗೆ ಎಷ್ಟು ತೆಳುವೆಂದರೆ ಉಗುರಿನಿಂದ ಒತ್ತಿದರೆ ಕುಳಿ ಬೀಳುವಂತಿತ್ತು. ಮುಚ್ಚಳ ಒಂದು ಕಡೆ ಮೇಲೆದ್ದಿತ್ತು. ಅದರ ಮೇಲಿನ ಹಡಗಿನ ಚಿತ್ರದ ಕಾಗದ ಒಣಗಿದ ಎಲೆಯಂತೆ ಉದುರುತ್ತಿತ್ತು.

"ನಮ್ಮ ಅಪ್ಪ ಮಾಡಿದ್ದು" ಎಂದರು ಟೀಚರ್. "ಅಲೋಶಿಯಸ್ ಅಂತ. ಗೂಡ್ಸ್ ಗಾಡಿಯೊಳಗ ಗಾರ್ಡ್ ಇದ್ರು. ಯಾವನೋ ಸಾಹೇಬ ವರ್ಗ ಆಗಿ ಹೋಗೋ ಮುಂದ ಖಾಲಿ ಸಿಗಾರ್ ಪೆಟ್ಟಿಗಿ ಬಿಟ್ಟು ಹೋಗಿದ್ನಂತ. ಅದರಾಗ ಒಂದನ್ನ ತಗೊಂಡು ಅಪ್ಪ ಇದನ್ನ ಮಾಡಿದ್ರು. ಸಣ್ಣ ಸ್ಟೇಷನ್ನಾಗ ಗಾಡಿ ತಾಸಗಟ್ಟಲೆ ನಿಂತಾಗ ಕಡೇ ಡಬ್ಬಿಯೊಳಗ ಕುಂತು ಬಾರಿಸ್ತಿದ್ರು. ಜೊತಿಗಿದ್ದವರು ಚುಟ್ಟಾ ತಂಬೂರಿ ಅಂತ ಹೆಸರಿಟ್ಟಿದ್ರು."

ದಾವಲಸಾಬರು ಮುಗುಳ್ನಕ್ಕರು. "ಹೆಸರು ಚಲೋ ಐತಿ. ಈಗ ಯಾಕ ನೆನಪಾತ್ರಿ?"

"ನಾನು ಶನಿವಾರಕ್ಕೊಮ್ಮೆ ಚರ್ಚಿನ ಅಂಗಳದಾಗ ಮಕ್ಕಳಿಗೆ ಡಬ್ಬಿಯಿಂದ ವಾದ್ಯ ಮಾಡೋದು ಕಲಸ್ತೀನಿ. ಟೀಚರ್, ನಿಮ್ಮಪ್ಪಂದು ತೋರಸ್ರಿ ಅಂತ ವಾರಾ ವಾರಾ ಕೇಳ್ತಾವ. ಮೂಕ ಪೆಟ್ಟಿಗಿ ಹೆಂಗ ತೋರಸ್ಲಿ?"

ಹೋಗುವ ಮೊದಲು ಅವರು ಇನ್ನೊಂದು ಮಾತು ಹೇಳಿದರು. ಅಪ್ಪನಿಗೆ ಐವತ್ತೆರಡು ವರ್ಷವಾಗಿದ್ದಾಗ ಇದು ಕೈಜಾರಿ ಬಿದ್ದು ಮುಚ್ಚಳ ಸೀಳಿತ್ತಂತೆ. ಆಗ ಟೀಚರ್ ಗುಂತಕಲ್ಲಿನ ಶಾಲೆಯಲ್ಲಿ ಕೆಲಸಕ್ಕಿದ್ದರು. ಅಪ್ಪ ಹುಬ್ಬಳ್ಳಿಯಲ್ಲೇ ಎಲ್ಲೋ ರಿಪೇರಿ ಮಾಡಿಸಿಕೊಂಡು ಬಂದರು. ಆದರೆ ಆಮೇಲೆ ಎಷ್ಟು ಬಾರಿಸಿದರೂ ಮೊದಲಿನ ದನಿ ಬರಲಿಲ್ಲ.

"ರಜಾಕ್ಕ ಬಂದಾಗ ಕೇಳಿದೆ. 'ನನ್ನ ಬೆರಳು ಸತ್ತಾವ ಮಗಳ' ಅಂದ್ರು. ಗ್ವಾಡಿಗೆ ತೂಗು ಹಾಕಿಬಿಟ್ರು. ಮತ್ತ ಹನ್ನೊಂದು ವರ್ಷ ಬದುಕಿದ್ರು. ಒಮ್ಮೆನೂ ಮುಟ್ಟಲಿಲ್ಲ."

ಟೀಚರ್ ಹೋದ ಮೇಲೆ ದಾವಲಸಾಬರು ಮತ್ತು ಫಕೀರಪ್ಪ ಸೇರಿ ಮುಚ್ಚಳವನ್ನು ಮೆಲ್ಲಗೆ ಬಿಡಿಸಿದರು. ಒಳಗೆ ನೋಡಿ ಫಕೀರಪ್ಪ ಮುಖ ಸಿಂಡರಿಸಿದ.

"ಯಾರೋ ಇದನ್ನ ಕೊಂದಾರ್ರಿ ಉಸ್ತಾದ್."

ಅವನು ಹೇಳಿದ್ದು ಸುಳ್ಳಲ್ಲ. ಮುಚ್ಚಳದ ಒಳಮೈಗೆ ದಪ್ಪ ಪ್ಲೈವುಡ್ಡಿನ ನಾಲ್ಕು ತುಂಡು ಬಡಿದಿದ್ದರು. ಎರಡು ಟ್ಯೂಬಿನಿಂದ ಹಿಂಡಿ ಕಲಸುವ ಅಂಟನ್ನು ಗಾರೆಯ ಹಾಗೆ ಮೆತ್ತಿದ್ದರು. ಅದು ಕಲ್ಲಾಗಿ ಕೂತಿತ್ತು. ಅಂಟು ಇಂದಿಗೂ ಬಿಟ್ಟಿರಲಿಲ್ಲ. ಅಂಟಿನ ಪಕ್ಕದ ಬಡ ಮರ ಹರಿದಿತ್ತು. ತಂತಿ ಮೀಟಿದಾಗ ಮುಚ್ಚಳ ಎದೆಯ ಹಾಗೆ ಏರಿಳಿಯಬೇಕು. ಎದೆಯ ಮೇಲೆ ಬಂಡೆ ಇಟ್ಟರೆ ಯಾರು ತಾನೆ ಹಾಡಿಯಾರು?

"ಕಸುಬು ಗೊತ್ತಿಲ್ಲದವರು ಮಾಡಿದ ಕೆಲಸ" ಎಂದು ದಾವಲಸಾಬರೂ ಒಪ್ಪಿದರು. ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಗ ಪ್ಲೈವುಡ್ಡಿನ ಒಂದು ಮೂಲೆಯಲ್ಲಿ ಮೂರು ಕಪ್ಪು ಚುಕ್ಕೆ ಕಂಡವು. ಕಾದ ದಬ್ಬಣದ ಮೊನೆಯಿಂದ ಸುಟ್ಟು ಮಾಡಿದ ಗುರುತು.

ದಾವಲಸಾಬರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕುಳಿತರು. ಆ ಚುಕ್ಕೆಗಳ ಮೇಲೆ ಬೆರಳಾಡಿಸಿದರು.

"ಏನಾತ್ರಿ?" ಎಂದ ಫಕೀರಪ್ಪ.

"ಇದು ನನ್ನ ಗುರ್ತು. ಇದನ್ನ ಮಾಡಿದಾಂವ ನಾನೇ."

ಆಗ ಅವರಿಗೆ ಇಪ್ಪತ್ತೈದು ವರ್ಷ. ಸ್ವಂತ ಅಂಗಡಿ ತೆರೆದು ನಾಲ್ಕು ತಿಂಗಳಾಗಿತ್ತು. ಹೊಸ ಅಂಟು ಪೇಟೆಗೆ ಬಂದಿತ್ತು. ಅದರಿಂದ ಏನನ್ನಾದರೂ ಕಬ್ಬಿಣದಷ್ಟು ಗಟ್ಟಿ ಮಾಡಬಹುದು ಎಂದು ಅವರು ಬೀಗುತ್ತಿದ್ದ ಕಾಲ. ಪ್ರತಿ ಕೆಲಸದ ಒಳಗೂ ಮೂರು ಚುಕ್ಕೆ ಇಡುತ್ತಿದ್ದರು. ಮುಂದೆ ಯಾರಾದರೂ ಬಿಚ್ಚಿದರೆ ಇದು ದಾವಲಸಾಬನ ಕೈ ಎಂದು ತಿಳಿಯಲಿ ಎಂಬ ಹೆಮ್ಮೆ.

ಸಾವಿರಾರು ವಾದ್ಯಗಳ ನಡುವೆ ಮರೆತೇಹೋಗಿದ್ದ ಗಾರ್ಡ್ ಸಾಹೇಬರ ಮುಖವೂ ಈಗ ನೆನಪಾಯಿತು. ರಿಪೇರಿಯಾದ ಎಂಟು ದಿನಕ್ಕೆ ಆ ಮನುಷ್ಯ ಮತ್ತೆ ಬಂದಿದ್ದರು. ಹೊಸ್ತಿಲಲ್ಲೇ ನಿಂತು, ಸಂಕೋಚದಿಂದ, "ದನಿ ಯಾಕೋ ಕಡಿಮಿ ಆದಂಗ ಐತಿ" ಎಂದಿದ್ದರು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಅವರೆದುರು ಸೋಲಲು ಯುವಕ ದಾವಲಸಾಬನಿಗೆ ಮನಸ್ಸಾಗಲಿಲ್ಲ. ಪೆಟ್ಟಿಗೆಯನ್ನು ಕೈಗೂ ತೆಗೆದುಕೊಳ್ಳದೆ ಹೇಳಿದ್ದ: "ಪೆಟ್ಟಿಗಿ ಗಟ್ಟಿ ಐತ್ರಿ ಸಾಹೇಬ್ರ. ವಯಸ್ಸಾತು, ನಿಮ್ಮ ಬೆರಳ ನೋಡ್ಕೋರಿ."

ಗಾರ್ಡ್ ಸಾಹೇಬರು ತಮ್ಮ ಬಲಗೈಯನ್ನೊಮ್ಮೆ ನೋಡಿಕೊಂಡು ಹೊರಟುಹೋಗಿದ್ದರು.

ಇದನ್ನೆಲ್ಲ ದಾವಲಸಾಬರು ಶಿಷ್ಯನಿಗೆ ಬಿಡಿಸಿ ಹೇಳಿದರು. ಫಕೀರಪ್ಪ ತಲೆ ತಗ್ಗಿಸಿ ಕೇಳಿದ. ಅವನಿಗೆ ಗುರುವಿನ ಮೇಲೆ ಪ್ರೀತಿ. ಆ ಪ್ರೀತಿಯಿಂದಲೇ ಅಂದ:

"ನಲವತ್ತು ವರ್ಷದ ಮ್ಯಾಲಿನ ಮಾತು. ಟೀಚರ್‌ಗೆ ಗೊತ್ತಿಲ್ಲ, ಗಾರ್ಡ್ ಸಾಹೇಬ್ರು ಇಲ್ಲ. ಆ ಪ್ಲೈವುಡ್ ತಗದು ಒಲಿಗೆ ಹಾಕೋಣ. ಪೆಟ್ಟಿಗಿ ಚಲೋ ಮಾಡಿ ಕೊಡೋಣ. ಅವರಿಗೂ ಸಂತೋಷ, ನಿಮ್ಮ ಹೆಸರೂ ಉಳೀತದ."

ನೀವು ದಾವಲಸಾಬರನ್ನು ದೇವತೆ ಎಂದುಕೊಳ್ಳಬೇಡಿ. ಆ ಮಾತು ಅವರಿಗೂ ರುಚಿಸಿತು. ಎರಡು ದಿನ ಅದನ್ನೇ ಯೋಚಿಸಿದರು. ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ ಎಂದು ಲೆಕ್ಕ ಹಾಕಿದರು. ಆದರೆ ಯಾವ ವಾದ್ಯ ಕೈಗೆ ತೆಗೆದುಕೊಂಡರೂ, ಹೊಸ್ತಿಲಲ್ಲಿ ನಿಂತು ತಮ್ಮ ಕೈ ನೋಡಿಕೊಂಡ ಆ ಮನುಷ್ಯ ಕಣ್ಣೆದುರು ಬರುತ್ತಿದ್ದರು. ಮೂರನೆಯ ದಿನ ಪೆಟ್ಟಿಗೆಯನ್ನು ಅದೇ ಟವೆಲಿನಲ್ಲಿ ಸುತ್ತಿಕೊಂಡು ಟೀಚರ್ ಮನೆಯಿದ್ದ ಕೇಶ್ವಾಪುರಕ್ಕೆ ನಡೆದರು.

ಟೀಚರ್ ವರಾಂಡದಲ್ಲಿ ಕುಳಿತು ಬಿಸ್ಕತ್ತಿನ ಡಬ್ಬಿಯೊಂದಕ್ಕೆ ತಂತಿ ಬಿಗಿಯುತ್ತಿದ್ದರು. "ಇಷ್ಟು ಬೇಗ ಆತೇನ್ರಿ?" ಎಂದು ಎದ್ದರು.

"ಇಲ್ರಿ. ಒಂದು ಮಾತು ಹೇಳೋದೈತಿ. ಕುಂದರ್ರಿ."

ದಾವಲಸಾಬರು ನಿಂತುಕೊಂಡೇ ಹೇಳಿದರು. ಮೂರು ಚುಕ್ಕೆಗಳನ್ನು ತೋರಿಸಿದರು. ಅಂಟಿನ ಮಾತು ಹೇಳಿದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಏಕೆಂದರೆ ಅಂಟು ಮೆತ್ತಿದ್ದು ಅಜ್ಞಾನ, ಅದನ್ನು ಯಾರಾದರೂ ಕ್ಷಮಿಸುತ್ತಾರೆ. ಅವರು ನಿಲ್ಲಿಸಲಿಲ್ಲ. ಬೆರಳ ನೋಡ್ಕೋರಿ ಎಂದು ತಾವು ಆಡಿದ ಮಾತನ್ನೂ, ಯಾವ ದನಿಯಲ್ಲಿ ಆಡಿದ್ದರೋ ಅದನ್ನೂ ಹೇಳಿದರು.

ಟೀಚರ್ ಕೈಯಲ್ಲಿದ್ದ ತಂತಿಯ ಸುರುಳಿಯನ್ನು ನೆಲದ ಮೇಲಿಟ್ಟರು.

"ಹಂಗಾರ ಅಪ್ಪನ ಬೆರಳು ಸರಿ ಇದ್ದವು."

"ಸರಿ ಇದ್ದವ್ರಿ."

"ಹನ್ನೊಂದು ವರ್ಷ" ಎಂದರು ಟೀಚರ್. "ಊಟಕ್ಕ ಕುಂತಾಗೂ ಬೆರಳು ಮಡಚಿ ಮಡಚಿ ನೋಡ್ತಿದ್ರು."

ಟೀಚರ್ ಅಳಲಿಲ್ಲ, ಬೈಯಲಿಲ್ಲ. ದಾವಲಸಾಬರಿಗೆ ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. "ಪೆಟ್ಟಿಗಿ ಅಲ್ಲಿಟ್ಟು ನೀವು ಹೋಗ್ರಿ" ಎಂದರು. ಅವರು ಇಟ್ಟು ಬಂದರು.

ಒಂಬತ್ತು ದಿನ ಯಾವ ಸುದ್ದಿಯೂ ಇಲ್ಲ. ಹತ್ತನೆಯ ದಿನ ಟೀಚರ್ ಅಂಗಡಿಗೆ ಬಂದರು. ಕೈಯಲ್ಲಿ ಬೇರೊಂದು ಸಿಗಾರ್ ಪೆಟ್ಟಿಗೆ. ಅದೂ ಆ ಸಾಹೇಬ ಬಿಟ್ಟು ಹೋದದ್ದೇ. ಎರಡನೆಯ ವಾದ್ಯ ಮಾಡಬೇಕೆಂದು ಅಪ್ಪ ಎತ್ತಿಟ್ಟಿದ್ದರು, ಮಾಡಿರಲಿಲ್ಲ. ಒಣಗಿ ಬಳಲಿದ ಪೆಟ್ಟಿಗೆ. ಎರಡು ಕಡೆ ಸೀಳು, ಒಂದು ಮೂಲೆ ಮುರಿದು ಹೋಗಿತ್ತು.

"ಅಪ್ಪನ ಪೆಟ್ಟಿಗಿ ನಿಮ್ಮ ಕೈಗೆ ಕೊಡಬೇಕೋ ಬ್ಯಾಡೋ ನನಗ ಇನ್ನೂ ತಿಳಿದಿಲ್ಲ" ಎಂದರು. "ಮೊದಲ ಇದನ್ನ ಸರಿ ಮಾಡ್ರಿ. ಇದರಿಂದ ಒಂದು ವಾದ್ಯ ಮಾಡ್ರಿ. ನಾನು ಕೇಳ್ತೀನಿ. ಆಮ್ಯಾಲೆ ಹೇಳ್ತೀನಿ."

ಊರಿಗೆಲ್ಲ ಹೆಸರಾದ ಉಸ್ತಾದನನ್ನು ಹೊಸ ಶಿಷ್ಯನಂತೆ ಪರೀಕ್ಷೆಗೆ ಕೂರಿಸಿದ ಮಾತು ಅದು. ಫಕೀರಪ್ಪನಿಗೆ ಕೆಡುಕೆನಿಸಿತು. ದಾವಲಸಾಬರು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಸರಿ ಐತ್ರಿ" ಎಂದಷ್ಟೇ ಹೇಳಿದರು.

ಅವರು ಕೆಲಸ ಮಾಡಿದ ಬಗೆ ನೋಡುವಂಥದ್ದು. ಮೊದಲ ಆರು ದಿನ ಪೆಟ್ಟಿಗೆಗೆ ಉಳಿ ತಾಗಿಸಲೇ ಇಲ್ಲ. ದೊಡ್ಡದೊಂದು ಟ್ರಂಕಿನೊಳಗೆ ಅದನ್ನಿಟ್ಟು, ಪಕ್ಕದ ಬಟ್ಟಲಿನಲ್ಲಿ ಒದ್ದೆ ಬಟ್ಟೆ ಇಟ್ಟು ಮುಚ್ಚಿದರು. ದಿನಕ್ಕೊಮ್ಮೆ ತೆರೆದು ಬೂಷ್ಟು ಬಂದಿದೆಯೇ ಎಂದು ನೋಡುತ್ತಿದ್ದರು. ಒಣಗಿದ ಮರ ಉಪವಾಸ ಬಿದ್ದ ಮನುಷ್ಯನ ಹಾಗೆ, ಒಮ್ಮೆಲೇ ಉಣಿಸಬಾರದು ಎನ್ನುತ್ತಿದ್ದರು. ಏಳನೆಯ ದಿನ ಹಲಗೆ ಬಾಗುವಷ್ಟು ಮೆತ್ತಗಾಗಿತ್ತು. ಇದರ ಮೇಲೂ ಉದುರುತ್ತಿದ್ದ ಚಿತ್ರದ ಕಾಗದದ ಒಂದೊಂದು ಚೂರಿನ ಕೆಳಗೂ ತೆಳ್ಳಗಿನ ಮೈದಾ ಅಂಟನ್ನು ಕೂದಲಿನ ಕುಂಚದಿಂದ ಸವರಿ ಮತ್ತೆ ಮಲಗಿಸಿದರು.

ಸೀಳಿಗೆ ಸರೇಸು ಬಳಸಿದರು. ಅದು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸುವ ಹಳೆಯ ಕಾಲದ ಅಂಟು. ಕೆಟ್ಟ ವಾಸನೆ, ನಿಧಾನದ ಕೆಲಸ. ಆದರೆ ಬಿಸಿನೀರು ತಾಗಿಸಿದರೆ ಮರಕ್ಕೆ ನೋವಾಗದಂತೆ ಬಿಟ್ಟುಕೊಳ್ಳುತ್ತದೆ. ಕಬ್ಬಿಣದ ಶಿಕಂಜಿ ಹಾಕಿ ಅದುಮಿದರೆ ಹಲಗೆ ಒಡೆದೀತೆಂದು ಹತ್ತಿಯ ಲಾಡಿಯನ್ನು ಪೆಟ್ಟಿಗೆಯ ಸುತ್ತ ಸುತ್ತಿ, ಎಷ್ಟು ಬೇಕೋ ಅಷ್ಟೇ ಬಿಗಿದರು. ಸೀಳಿನ ಒಳಗಡೆ ಹಳೆಯ ತೆಳು ಮಲ್ಲು ಬಟ್ಟೆಯ ಪಟ್ಟಿ ಅಂಟಿಸಿದರು.

ಮುರಿದ ಮೂಲೆಗೆ ಮರ ಬೇಕಾಯಿತು. ಅಂಗಡಿಯಲ್ಲಿದ್ದ ತೇಗ, ಹಲಸು ಎಲ್ಲ ಭಾರ. ಆಗ ಫಕೀರಪ್ಪ ಕಿವಿಯ ಮೇಲಿಟ್ಟಿದ್ದ ಪೆನ್ಸಿಲ್ ತೆಗೆದು ನೋಡಿದ.

"ಉಸ್ತಾದ್, ಹಳೇ ಪೆನ್ಸಿಲ್ ಕಟಗಿ ಹಗುರಿರತೈತಿ. ಬಣ್ಣಾನೂ ಹತ್ರ ಬರತೈತಿ."

ದಾವಲಸಾಬರು ಅದನ್ನು ಮೂಸಿ, ಉಗುರಿನಿಂದ ಗೀರಿ ನೋಡಿದರು. "ಇದು ನನಗ ಹೊಳೀಲಿಲ್ಲ ನೋಡು" ಎಂದರು. ಇಬ್ಬರೂ ಸೇರಿ ಹದಿನಾಲ್ಕು ಪೆನ್ಸಿಲ್ ಸೀಳಿ, ಸೀಸ ತೆಗೆದು, ಪಕ್ಕ ಪಕ್ಕ ಜೋಡಿಸಿ ಬೆರಳಗಲದ ಮೂಲೆ ಕಟ್ಟಿದರು.

ಕೊನೆಗೆ ಕೋಲು. ಪೆಟ್ಟಿಗೆಯ ಈ ಕಡೆಯಿಂದ ಆ ಕಡೆಗೆ ಒಂದೇ ಕೋಲು ತೂರಿಸಿ, ಮೂರೂ ತಂತಿಯನ್ನು ಕೋಲಿನ ಎರಡು ತುದಿಗೇ ಕಟ್ಟಿದರು. ತಂತಿಯ ಎಳೆತವನ್ನೆಲ್ಲ ಕೋಲು ಹೊರುತ್ತದೆ. ತಂತಿ ಕೂರುವ ಪುಟ್ಟ ಕುದುರೆಯ ಭಾರವಷ್ಟೇ ಮುಚ್ಚಳದ್ದು. ಹಾಗಾಗಿ ಬಡ ಮುಚ್ಚಳ ಹಗುರಾಗಿ ಅಲುಗಾಡಬಲ್ಲದು.

ಟೀಚರ್ ಬಂದರು. ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ನಡುವಿನ ತಂತಿ ಮೀಟಿದರು. ಸಣ್ಣ ದನಿ, ಆದರೆ ನಿಚ್ಚಳವಾದ ದನಿ. ಅದು ಪೂರ್ತಿ ಆರುವ ತನಕ ಕಿವಿಗೊಟ್ಟು ಕೂತರು. ಮತ್ತೆ ಮೀಟಿದರು. ಹಾಗೆ ಹತ್ತು ನಿಮಿಷವಾದರೂ ಆಗಿರಬೇಕು. ಆಮೇಲೆ ಚೀಲದಿಂದ ಟವೆಲಿನ ಗಂಟು ತೆಗೆದು ಮೇಜಿನ ಮೇಲಿಟ್ಟರು. ಹೊಸ ವಾದ್ಯವನ್ನು ಮಕ್ಕಳಿಗೆಂದು ಬಗಲಲ್ಲಿ ಹಿಡಿದು ಹೋದರು.

ಅಪ್ಪನ ಪೆಟ್ಟಿಗೆ ಎರಡೂವರೆ ತಿಂಗಳು ತೆಗೆದುಕೊಂಡಿತು. ಕಲ್ಲಾದ ಅಂಟು ಬಿಸಿನೀರಿಗೆ ಜಗ್ಗುವುದಿಲ್ಲ. ತೆಳ್ಳಗಿನ ಅಲಗನ್ನು ಕಾಯಿಸಿ ಕಾಯಿಸಿ, ಅಕ್ಕಿ ಕಾಳಿನಷ್ಟೇ ಕೆರೆಯಬೇಕು. ಸ್ವಲ್ಪ ಆತುರ ಮಾಡಿದರೂ ಅಂಟಿನ ಜೊತೆ ಮರವೂ ಬರುತ್ತದೆ. ದಾವಲಸಾಬರು ಬೇರೆ ಕೆಲಸ ಕಡಿಮೆ ಮಾಡಿಕೊಂಡು ದಿನವೂ ಬೆಳಗಿನ ಎರಡು ತಾಸು ಇದಕ್ಕೆ ಕೂರುತ್ತಿದ್ದರು. ಇಪ್ಪತ್ತೈದರ ಹರೆಯದಲ್ಲಿ ಅರ್ಧ ತಾಸಿನಲ್ಲಿ ಮೆತ್ತಿದ್ದನ್ನು ಅರವತ್ತೆಂಟರ ಕೈ ಚೂರು ಚೂರಾಗಿ ಬಿಡಿಸುತ್ತಿತ್ತು.

ಒಂದು ಬೆಳಿಗ್ಗೆ ಅಲಗು ಜಾರಿತು. ಮುಚ್ಚಳದಿಂದ ಕಿರುಬೆರಳುದ್ದದ ಸಿಬಿರು ಎದ್ದುಬಂತು. ಅದನ್ನು ಅಲ್ಲೇ ಅಂಟಿಸಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ದಾವಲಸಾಬರು ಅಲಗು ಕೆಳಗಿಟ್ಟು ಟೀಚರಿಗೆ ಫೋನ್ ಮಾಡಿಸಿದರು. ಅವರು ಆಟೋ ಹತ್ತಿ ಬಂದರು. ಸಿಬಿರನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು.

"ಇನ್ನೂ ಇಂಥವು ಆಗಬಹುದೇನ್ರಿ?"

"ಆಗಬಹುದ್ರಿ. ಆಗಂಗಿಲ್ಲ ಅಂತ ಹೇಳಾಕ ನನಗ ಬರಂಗಿಲ್ಲ. ಬ್ಯಾಡಂದ್ರ ಇಲ್ಲಿಗೇ ನಿಲ್ಲಸ್ತೀನಿ."

ಟೀಚರ್ ಸಿಬಿರನ್ನು ಅವರ ಕೈಗೆ ವಾಪಸು ಕೊಟ್ಟರು. "ಆದಾಗೊಮ್ಮೆ ಹಿಂಗ ಹೇಳ್ರಿ. ಮುಂದುವರಸ್ರಿ" ಎಂದರು. ಆವತ್ತು ಮೊದಲ ಸಲ ಅವರು ಅಂಗಡಿಯಲ್ಲಿ ಚಹಾ ಕುಡಿದರು.

ಕೆಲಸ ಮುಗಿದ ದಿನ ದಾವಲಸಾಬರು ಕುದುರೆ ಕೂರಿಸಿ ತಂತಿ ಬಿಗಿದರು. ಮುಚ್ಚಳದ ಹಿಂಬದಿಯ ಅಂಚನ್ನು ಮಾತ್ರ ಅಂಟಿಸದೆ ಬಿಟ್ಟಿದ್ದರು. ಟೀಚರ್ ಬಾರಿಸಲು ಕುಳಿತರು. ಅವರಿಗೆ ವಿದ್ಯೆ ಅಷ್ಟಕ್ಕಷ್ಟೇ. ಚಿಕ್ಕಂದಿನಲ್ಲಿ ಅಪ್ಪನಿಂದ ಕೇಳಿದ ಒಂದು ಕೊಂಕಣಿ ಜೋಗುಳವನ್ನು ತಡಕಾಡಿ, ತಪ್ಪಿ, ಮತ್ತೆ ಮೊದಲಿನಿಂದ ಹಿಡಿದು ಬಾರಿಸಿದರು. ಕೆಳಗಿನ ತಂತಿ ಸ್ವಲ್ಪ ಗುಂಯ್ ಎನ್ನುತ್ತಿತ್ತು. ಉಳಿದೆರಡು ಅಂಗಡಿಯ ಮೂಲೆಮೂಲೆಗೂ ಕೇಳಿಸಿದವು. ಗೋಡೆಗೆ ಒರಗಿಸಿದ್ದ ತಂಬೂರಿಯೊಂದರ ತಂತಿಯೂ ಅದಕ್ಕೆ ತಾನಾಗಿ ಮೊಳಗಿತು. ದಾವಲಸಾಬರು ನೆಲ ನೋಡುತ್ತ ಕೇಳಿದರು. ಫಕೀರಪ್ಪ ತನ್ನ ಉಸ್ತಾದನನ್ನೇ ನೋಡುತ್ತಿದ್ದ. ಆರು ವರ್ಷದಿಂದ ಅವರ ಮೇಲಿದ್ದ ಗೌರವ ಆವತ್ತು ಇಮ್ಮಡಿಯಾಯಿತು ಎಂದು ಅವನು ಮುಂದೆ ಎಷ್ಟೋ ಜನರಿಗೆ ಹೇಳಿದ.

ಜೋಗುಳ ಮುಗಿದ ಮೇಲೆ ದಾವಲಸಾಬರು ಪೆನ್ಸಿಲ್ ತೆಗೆದುಕೊಂಡು, ಅಂಟಿಸದ ಅಂಚನ್ನು ಎತ್ತಿ, ಪೆಟ್ಟಿಗೆಯ ತಳದ ಹಲಗೆಯ ಮೇಲೆ ಇಸವಿ ಹಾಕಿ ಬರೆಯತೊಡಗಿದರು. 'ಇದನ್ನು ಮೊದಲು ಕೆಡಿಸಿದವನು ದಾವಲಸಾಬ ನದಾಫ, ಗಟ್ಟಿ ಅಂಟು ಹಾಕಿ. ಈಗ ಸರೇಸು ಹಾಕಿದೆ. ಬಿಸಿನೀರು ಮುಟ್ಟಿಸಿದರೆ ಬಿಚ್ಚುತ್ತದೆ. ಕೆಳಗಿನ ತಂತಿಯ ಗುಂಯ್ ನನ್ನಿಂದ ಹೋಗಲಿಲ್ಲ.'

ಫಕೀರಪ್ಪ ತಡೆಯಲಾಗದೆ ಕೇಳಿದ: "ನಿಮ್ಮ ತಪ್ಪು ನೀವೇ ಬರದು ಇಡೋದು ಯಾತಕ್ಕ? ಟೀಚರ್‌ಗೆ ಹೇಳೇರಿ, ಮುಗೀತಲ್ಲ."

"ನನಗಿಂತ ಬಲ್ಲವ ನಾಳೆ ಇದನ್ನ ತಗೀತಾನ" ಎಂದರು ದಾವಲಸಾಬರು. "ಏನಾಗಿತ್ತು ಅಂತ ಅವಂಗ ಗೊತ್ತಿದ್ರ, ಎಲ್ಲಿಂದ ಸುರು ಮಾಡಬೇಕು ಅನ್ನೋದೂ ಗೊತ್ತಾಗತೈತಿ."

ಟೀಚರ್ ಆ ಬರಹವನ್ನು ಓದಿದರು. ಅವರ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಅದರ ಕೆಳಗೆ ಶಾಲೆಯ ಗುಂಡಗಿನ ಅಕ್ಷರದಲ್ಲಿ ಒಂದು ಸಾಲು ಬರೆದರು: 'ಕೇಳದಿದ್ದರೂ ಬಂದು ಹೇಳಿದವರೂ, ಸರಿ ಮಾಡಿದವರೂ ಇವರೇ. ಬೆನೆಡಿಕ್ಟಾ, ಅಲೋಶಿಯಸರ ಮಗಳು.'

ದಾವಲಸಾಬರು ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ನಂತರ ಸರೇಸಿನ ಪಾತ್ರೆಯನ್ನು ಬಿಸಿಗಿಟ್ಟು, ಮುಚ್ಚಳದ ಕೊನೆಯ ಅಂಚನ್ನು ಅಂಟಿಸಿದರು.

ನೀತಿ: ತಿಳಿಯದೆ ಮಾಡಿದ ತಪ್ಪನ್ನು ತಿದ್ದಬಹುದು. ಆದರೆ ನಮ್ಮ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ಅವರು ಅದನ್ನು ತಮ್ಮದೆಂದೇ ನಂಬಿ ಜೀವನವಿಡೀ ಹೊರುತ್ತಾರೆ. ಎಷ್ಟು ವರ್ಷ ಕಳೆದಿದ್ದರೂ ಸರಿ, 'ಅದು ನನ್ನದು' ಎಂದು ಹೇಳುವುದೇ ಎಲ್ಲ ರಿಪೇರಿಯ ಮೊದಲ ಕೆಲಸ.